ಹೆದ್ದಾರಿಯ ಬದಿಯ ಮೋಟೆಬೆನ್ನೂರು

ರಾತ್ರಿ ಹತ್ತರ ಮೇಲೆ ಚೆನ್ನೈನ ಕೋಯಂಬೇಡು ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಬಸ್ಸಿನ ನೆತ್ತಿಯ ಮೇಲೆ ಕನ್ನಡದಲ್ಲಿ ಬರೆದ ಬೆಂಗಳೂರು, ಡಿಕ್ಕಿಗೆ ಚೀಲ ಒತ್ತಿ ತುಂಬುವ ಕಂಡಕ್ಟರ್, ಕಿಟಕಿ ಪಕ್ಕದ ಸೀಟು ಹಿಡಿಯಲು ಮಗನನ್ನು ಮುಂದೆ ಓಡಿಸುವ ತಾಯಿ. 2002ರಲ್ಲಿ ತೆರೆದ ಈ ನಿಲ್ದಾಣಕ್ಕೆ 2018ರಲ್ಲಿ ಎಂ.ಜಿ.ಆರ್. ಹೆಸರಿಟ್ಟರು. ಹೆಸರಿನ ಹಿಂದೆ ‘ಪುರಟ್ಚಿ ತಲೈವರ್’ ಎಂಬ ಬಿರುದಿದೆ. ಪುರಟ್ಚಿ ಎಂದರೆ ಕ್ರಾಂತಿ. ಊರಿಗೆ ಹೊರಟ ಕನ್ನಡಿಗರು ಬೋರ್ಡಿನ ಆ ಪದದ ಕೆಳಗೇ ನಿಂತು ಬಸ್ಸಿಗೆ ಕಾಯುತ್ತಾರೆ.

ನಿಲ್ದಾಣದ ಸಮೀಪದಲ್ಲೇ 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಇಲ್ಲಿಗೆ ಬಂದ ಸಗಟು ಮಾರುಕಟ್ಟೆ. ನಡುರಾತ್ರಿ ಕಳೆದರೆ ಕೋಲಾರದ ಟೊಮೆಟೊ ಕ್ರೇಟುಗಳನ್ನು ಹೊತ್ತ ಲಾರಿಗಳು ಒಂದರ ಹಿಂದೆ ಒಂದು ಒಳಗೆ ಬರುತ್ತವೆ. ಬೆಂಗಳೂರಿನ ಕಡೆಯ ಬಸ್ಸುಗಳು ಮದುರವಾಯಲ್, ಪೂಂದಮಲ್ಲಿ ದಾಟಿ ಹಿಡಿಯುವುದು ರಾಷ್ಟ್ರೀಯ ಹೆದ್ದಾರಿ 48ನ್ನು. ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ ಕಳೆದು ರಾಣೆಬೆನ್ನೂರು ಬಿಟ್ಟ ಮೇಲೆ, ಹಾವೇರಿ ಇನ್ನೂ ಬಾರದಿರುವಾಗ, ಇದೇ ರಸ್ತೆಯ ಬದಿಯಲ್ಲಿ ಮೋಟೆಬೆನ್ನೂರು ಸಿಗುತ್ತದೆ. ಅಲ್ಲಿಂದಲೂ ಮುಂದೆ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬಯಿ, ನವಸಾರಿ, ಸೂರತ್, ಅಹಮದಾಬಾದ್. ದಂಡಿಯ ಕಡಲತೀರಕ್ಕೆ ನವಸಾರಿಯಿಂದ ದೂರವಿಲ್ಲ. ಮೋಟೆಬೆನ್ನೂರಿನ ಒಬ್ಬ ಯುವಕನ ಬದುಕಿನ ಊರುಗಳೆಲ್ಲ ಹೆಚ್ಚುಕಡಿಮೆ ಈ ಒಂದೇ ದಾರಿಯ ಮೇಲಿವೆ, ಇಲ್ಲವೇ ಅದರ ಮಗ್ಗುಲಲ್ಲಿವೆ.

ಮಹಾದೇವಪ್ಪ ಮೈಲಾರ ಹುಟ್ಟಿದ್ದು 1911ರ ಜೂನ್ 8ರಂದು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಈಗ ಬ್ಯಾಡಗಿ ತಾಲ್ಲೂಕಿಗೆ ಸೇರಿರುವ ಮೋಟೆಬೆನ್ನೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹರೆಯದಲ್ಲೇ ಖಾದಿಯ ಕೆಲಸ ಹಚ್ಚಿಕೊಂಡ ಹುಡುಗ, ಆ ಕೆಲಸದ ಬೆನ್ನು ಹಿಡಿದು ಸಬರಮತಿ ಆಶ್ರಮ ಸೇರಿದ. 1930ರ ಮಾರ್ಚ್ 12ರ ಬೆಳಿಗ್ಗೆ ಗಾಂಧೀಜಿಯ ಜೊತೆ ದಂಡಿಗೆ ಹೊರಟವರ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ: ಮಹಾದೇವ ಮಾರ್ತಾಂಡ, ವಯಸ್ಸು 18.

ಆ ನಡಿಗೆಯ ಕಟ್ಟುಪಾಡು ಸಲೀಸಾಗಿರಲಿಲ್ಲ. 24 ದಿನ, ಸುಮಾರು 385 ಕಿಲೋಮೀಟರ್. ಎಷ್ಟೇ ದಣಿದಿರಲಿ ಪ್ರಾರ್ಥನೆ ತಪ್ಪಿಸುವಂತಿಲ್ಲ, ದಿನದ ನೂಲು ತೆಗೆಯಲೇಬೇಕು, ದಿನಚರಿ ಬರೆಯಲೇಬೇಕು. ಮುಂದೆ ನಡೆಯುತ್ತಿದ್ದ ಮುದುಕರಿಗೆ 60. ಕಾಲು ಬೊಬ್ಬೆ ಎದ್ದ ಹುಡುಗರು ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಈ ನಡಿಗೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಹತ್ತು ದಿನ ಮುಂಚೆಯೇ ವೈಸ್‌ರಾಯ್ ಇರ್ವಿನ್‌ಗೆ ಕಾಗದ ಹೋಗಿತ್ತು: ಉಪ್ಪಿನ ಕಾನೂನು ಮುರಿಯುತ್ತೇವೆ ಎಂದು. ಆ ಕಿಡಿ ದಕ್ಷಿಣಕ್ಕೂ ಬೇಗ ಬಂತು. ರಾಜಾಜಿಯವರು ತಿರುಚ್ಚಿಯಿಂದ ವೇದಾರಣ್ಯಕ್ಕೆ ಹೊರಟಿದ್ದೂ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿದ್ದೂ 1930ರ ಏಪ್ರಿಲ್ 13ರಂದೇ. ಮದ್ರಾಸಿನಲ್ಲಿ 1932ರ ಜನವರಿ 26ರಂದು ಭಾಷ್ಯಂ ಎಂಬ ಯುವಕ ಸೇಂಟ್ ಜಾರ್ಜ್ ಕೋಟೆಯ ಧ್ವಜಸ್ತಂಭ ಹತ್ತಿ ತ್ರಿವರ್ಣ ಧ್ವಜ ಕಟ್ಟಿ ಇಳಿದ. ಕೋಯಂಬೇಡಿನಿಂದ ಊರೊಳಗೆ ಹೋಗುವ ಸಿಟಿ ಬಸ್ಸು ಹತ್ತಿದರೆ ಆ ಕೋಟೆ ದೂರವೇನಲ್ಲ.

ದಂಡಿಯ ನಂತರ ಮಹಾದೇವಪ್ಪನವರು ಜೈಲು ಕಂಡರು, ಊರಿಗೆ ಮರಳಿದರು, ಹಾವೇರಿ ಸೀಮೆಯ ಕೊರಡೂರಿನಲ್ಲಿ ಆಶ್ರಮ ಕಟ್ಟಿಕೊಂಡು ಹಳ್ಳಿಯ ಕೆಲಸಕ್ಕೆ ನಿಂತರು. ಪತ್ನಿ ಸಿದ್ಧಮ್ಮನವರೂ ಸಬರಮತಿಯಲ್ಲಿ ಇದ್ದು ಬಂದವರು, ಸತ್ಯಾಗ್ರಹಕ್ಕಿಳಿದು ತಾವೂ ಜೈಲಿಗೆ ಹೋದವರು. ಈ ಹತ್ತು ಹನ್ನೆರಡು ವರ್ಷಗಳನ್ನು ಜೀವನಚಿತ್ರಗಳು ನಾಲ್ಕೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಅನ್ಯಾಯ. ರಾಟೆ ಕಲಿಸುತ್ತ, ಊರೂರು ತಿರುಗುತ್ತ, ಮನೆ ಮನೆಯ ಉಪ್ಪು ಉಂಡ ಆ ದಿನಗಳಿಲ್ಲದೆ ಮುಂದಿನದು ಆಗುತ್ತಿರಲಿಲ್ಲ. 1942ರಲ್ಲಿ ಅವರನ್ನು ಬಚ್ಚಿಟ್ಟು ಅನ್ನ ಹಾಕಿದವರು ಇದೇ ಹಳ್ಳಿಗಳ ಜನ.

‘ಮಾಡು ಇಲ್ಲವೆ ಮಡಿ’ ಎಂದು ಗಾಂಧೀಜಿ ಕರೆ ಕೊಟ್ಟ ಬೆನ್ನಲ್ಲೇ, 1942ರ ಆಗಸ್ಟ್ 9ರ ಬೆಳಗಾಗುವಷ್ಟರಲ್ಲಿ ದೊಡ್ಡ ನಾಯಕರೆಲ್ಲ ಸೆರೆಯಾಗಿದ್ದರು. ಹೇಳುವವರು ಕೇಳುವವರು ಇಲ್ಲದ ಹೊತ್ತಿನಲ್ಲಿ ಊರೂರಿನ ಜನ ತಮಗೆ ತಿಳಿದಂತೆ ಎದ್ದರು. ಧಾರವಾಡ ಜಿಲ್ಲೆಯಲ್ಲಿ ತಂತಿ ಕತ್ತರಿಸಿದರು, ರೈಲು ನಿಲ್ದಾಣಗಳಿಗೆ ಬೆಂಕಿ ಬಿತ್ತು, ಚಾವಡಿಯ ದಫ್ತರಗಳು ಸುಟ್ಟವು. ಮಹಾದೇವಪ್ಪನವರ ತಂಡ ಇಂಥ ಕೆಲಸಗಳಲ್ಲಿ ಮುಂದಿತ್ತು. ಸರಕಾರದ ಆಡಳಿತದ ಕೈಕಾಲು ಕಟ್ಟಬೇಕು, ಆದರೆ ಯಾರ ಪ್ರಾಣವನ್ನೂ ತೆಗೆಯಕೂಡದು ಎಂಬುದು ಅವರ ನಿಲುವಾಗಿತ್ತು.

ಇಲ್ಲಿಯೇ ಈ ಬದುಕು ಕಠಿಣವಾಗುತ್ತದೆ, ಇಲ್ಲಿಯೇ ಅದನ್ನು ನಿಂತು ಓದಬೇಕು. ವೈಸ್‌ರಾಯ್‌ಗೆ ಮುಂಚೆ ತಿಳಿಸಿ ಹಗಲಿನಲ್ಲಿ ನಡೆದ ಹುಡುಗ, ಹನ್ನೆರಡು ವರ್ಷಕ್ಕೆ ರಾತ್ರಿಯ ಕತ್ತಲಲ್ಲಿ ಓಡಾಡುವ ಭೂಗತ ಹೋರಾಟಗಾರನಾದ. ಗುಟ್ಟಿನ ಹೋರಾಟವನ್ನು ಗಾಂಧೀಜಿ ಒಪ್ಪಿದವರಲ್ಲ. 1944ರಲ್ಲಿ ಬಿಡುಗಡೆಯಾದ ಮೇಲೆ, ಇನ್ನೂ ತಲೆಮರೆಸಿಕೊಂಡಿದ್ದವರಿಗೆ ಹೊರಬಂದು ಶರಣಾಗಿ ಎಂದರು. ದಂಡಿಗೆ ನಡೆದ ಮಹಾದೇವನೂ ಮುಂದೆ ಹೊಸರಿತ್ತಿಯಲ್ಲಿ ಮಡಿದ ಮಹಾದೇವನೂ ಒಬ್ಬರೇ ಎಂದು ಹಾರ ಹಾಕಿ ಕೈಮುಗಿದರೆ ಈ ಕಷ್ಟ ಕಣ್ಣಿಗೆ ಬೀಳುವುದಿಲ್ಲ. ಗುರುವಿನ ಮಾತನ್ನು ಅವರು ಮೀರಿದರೆ? ಗುರುವೇ ಸೆರೆಯಲ್ಲಿದ್ದಾಗ ‘ಮಾಡು ಇಲ್ಲವೆ ಮಡಿ’ ಎಂಬ ಕರೆಯನ್ನು ತಮ್ಮ ಸೀಮೆಯ ಮಟ್ಟಕ್ಕೆ ಇಳಿಸಿಕೊಂಡರೆ? ಕೊಲ್ಲಬಾರದು ಎಂಬ ಒಂದು ಎಳೆಯನ್ನು ಅವರು ಕೈಬಿಡಲಿಲ್ಲ ಎನ್ನುವುದೇ ಈ ಪತ್ರಿಕೆಗೆ ಅತಿ ಮುಖ್ಯವಾಗಿ ಕಾಣುತ್ತದೆ. ಆ ಎಳೆಯೇ ಅವರ ಪ್ರಾಣಕ್ಕೂ ಮುಳುವಾಯಿತು.

ವರದಾ ತೀರದ ಹೊಸರಿತ್ತಿಯಲ್ಲಿ ವೀರಭದ್ರ ದೇವರ ಗುಡಿಯಿತ್ತು. ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ಅಲ್ಲಿಟ್ಟು ಪೊಲೀಸರ ಕಾವಲು ಹಾಕಿದ್ದರು. 1943ರ ಏಪ್ರಿಲ್ 1ರಂದು ತಂಡ ಗುಡಿಯ ಮೇಲೆ ಬಿತ್ತು. ಕಾವಲಿನವರನ್ನು ಕೊಲ್ಲುವುದು ಅವರ ಉದ್ದೇಶವಾಗಿರಲಿಲ್ಲ. ಗುಂಡು ಹಾರಿದ್ದು ಪೊಲೀಸರ ಕಡೆಯಿಂದ. ಮಹಾದೇವಪ್ಪ ಮೈಲಾರ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಿದ್ದರು. ಮಹಾದೇವಪ್ಪನವರಿಗೆ 32 ತುಂಬಲು ಎರಡು ತಿಂಗಳ ಮೇಲೆ ಉಳಿದಿತ್ತು. ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿ 21 ದಿನಗಳ ಉಪವಾಸ ಮುಗಿಸಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರು ಹೋರಾಟಗಾರರನ್ನು ಗಲ್ಲಿಗೇರಿಸಿದ್ದೂ ಅದರ ಹಿಂದಿನ ಮಾರ್ಚಿನಲ್ಲೇ.

ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪ ಮೈಲಾರರ ಹೆಸರಿದೆ. ಬ್ರಿಟಿಷರ ಕಾಲದಲ್ಲಿ ರೈಲು ನಿಲ್ದಾಣಗಳಿಗೆ ಬೆಂಕಿ ಇಟ್ಟ ಹೋರಾಟದವರ ಹೆಸರೇ ಈಗ ನಿಲ್ದಾಣದ ಹಲಗೆಯ ಮೇಲಿದೆ. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವೆಂಬ ವಸತಿ ಶಾಲೆಯಿದೆ. ಇಷ್ಟಾಗಿಯೂ ತಿರಕಪ್ಪ, ವೀರಯ್ಯ ಎಂಬ ಎರಡು ಹೆಸರುಗಳು ಭಾಷಣಗಳಲ್ಲಿ ‘ಮತ್ತಿಬ್ಬರು ಸಂಗಡಿಗರು’ ಆಗಿಬಿಡುತ್ತವೆ. ಗುಂಡಿಗೆ ಎದೆಯೊಡ್ಡಿದಾಗ ಅವರು ‘ಮತ್ತಿಬ್ಬರು’ ಆಗಿರಲಿಲ್ಲ. ಸಿದ್ಧಮ್ಮನವರ ಜೈಲುವಾಸವೂ ಹಾಗೆಯೇ ಗಂಡನ ಕಥೆಯ ಅಂಚಿಗೆ ಸರಿದಿದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಬಂದು ಚೆನ್ನೈನಲ್ಲಿ ನೆಲೆಸಿದ ಮನೆಗಳಿವೆ. ಆ ಮನೆಗಳ ಹಿರಿಯರು ಹೊಸರಿತ್ತಿಯ ಸುದ್ದಿಯನ್ನು ತಮ್ಮ ಅಪ್ಪ ಅಜ್ಜಂದಿರ ಬಾಯಿಂದ ಕೇಳಿದ್ದಿರಬಹುದು. ಅಡಗಿಕೊಂಡವರಿಗೆ ರೊಟ್ಟಿ ಬುತ್ತಿ ಕಟ್ಟಿಕೊಟ್ಟ ಅಜ್ಜಿಯ ನೆನಪು ಯಾರ ಮನೆಯಲ್ಲಾದರೂ ಉಳಿದಿದ್ದರೆ, ತಿರಕಪ್ಪ ವೀರಯ್ಯರ ಬಗ್ಗೆ ಒಂದು ಮಾತು ಗೊತ್ತಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಪುಟಗಳನ್ನು ಬಿಟ್ಟಿದೆ.