ಸ್ತೋತ್ರ ಹೇಳಿದೇನು?

ಈ ಸಲ ಶುಭ ಶುಕ್ರವಾರಕ್ಕೆ ರಾಣೆಬೆನ್ನೂರಿಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಚರ್ಚಿನಲ್ಲಿ ಶಿಲುಬೆಯ ಏಳು ಮಾತುಗಳ ಧ್ಯಾನ. ಅದರಲ್ಲಿ ಮೂರು ಮಾತು ನನ್ನ ಕಿವಿಗೇ ಬೀಳಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಆಫೀಸಿನ ಕಾಲ್‌ನಲ್ಲಿದ್ದೆ.

ಕಾಲ್ ಮುಗಿಯೋ ಹೊತ್ತಿಗೆ ಮ್ಯಾನೇಜರ್ ಹೇಳಿದ್ರು, ಮುಂದಿನ ತಿಂಗಳಿಂದ ಟೀಮ್ ಲೀಡ್ ನೀನೇ ಅಂತ. ಭಾನುವಾರ ಬೆಳಗಿನ ರಿಲೀಸ್‌ಗಳೂ ನನ್ನ ಪಾಲಿಗೆ. ಹಿಂದೆಮುಂದೆ ನೋಡದೆ ‘ಆಯ್ತು ಸರ್’ ಅಂದೆ.

ಸಂಜೆ ಅವ್ವಗೆ ಹೇಳಿದೆ. “ಭಾಳ ಚಲೋ ಆತವಾ” ಅಂದಳು. ಆಮೇಲೆ ಸುಮ್ಮನೆ ಕೇಳಿದಳು, “ದೇವರಿಗೆ ಸ್ತೋತ್ರ ಹೇಳಿದೇನು?”

ಇಲ್ಲ. ಅವತ್ತು ಮಾತ್ರ ಅಲ್ಲ, ತಿಂಗಳುಗಟ್ಟಲೆ ಹೇಳಿರಲಿಲ್ಲ. ಹಾಗಂತ ನಾನು ಕೆಟ್ಟ ದಾರಿ ಹಿಡಿದಿರಲಿಲ್ಲ. ದುಡೀತಿದ್ದೆ, ಮನೆಗೆ ದುಡ್ಡು ಕಳಿಸ್ತಿದ್ದೆ. ದೇವರ ಜಾಗಕ್ಕೆ ಬಂದು ಕೂತಿದ್ದು ಕೆಟ್ಟದ್ದಲ್ಲ, ಒಳ್ಳೇದೇ.

ಆ ರಾತ್ರಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯ ಓದಿದೆ. ಕ್ರಿಸ್ತನಿಗಾಗಿ ತಾನು ನಷ್ಟ ಅಂತ ಎಣಿಸಿದ್ದನ್ನ ಅವನು ಅಲ್ಲಿ ಪಟ್ಟಿ ಮಾಡ್ತಾನೆ. ಅದರಲ್ಲಿ ಕುಡಿತ, ಜೂಜು ಇಲ್ಲ. ಇರೋದು ಕುಲ, ಧರ್ಮಶಾಸ್ತ್ರದ ನಿಷ್ಠೆ, ಶ್ರದ್ಧೆ. ಅಂದ್ರೆ ಅವನ ರೆಸ್ಯೂಮೆ!

ನಮ್ಮ ನಾಡಿನಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ ಆಗ ನೆನಪಾದರು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳಿಗೆ ಅಕ್ಷರವೇ ಬೇಡ ಅನ್ನೋ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಗಳು ಸಂಸ್ಕೃತ ಕಲಿಯೋ ಹಾಗೆ ನೋಡಿಕೊಂಡರು. ಬರಗಾಲದಲ್ಲಿ ಅಪ್ಪ, ಅವ್ವ ಇಬ್ಬರೂ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಅನ್ನೋ ಬಿರುದು ಕೊಟ್ಟರು. ಆಗ ಅವರಿಗೆ ಇಪ್ಪತ್ತು ವರ್ಷ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ, ಹೊಗಳಿದವರೇ ಎಷ್ಟೋ ಮಂದಿ ತಿರುಗಿಬಿದ್ದರು. 1889ರಲ್ಲಿ ಬಾಲವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ಶುರುಮಾಡಿದರು. ಮತಾಂತರದ ಗದ್ದಲ ಎದ್ದು, 1893ರಲ್ಲಿ ಅನೇಕರು ತಮ್ಮ ಹುಡುಗಿಯರನ್ನ ಅಲ್ಲಿಂದ ಬಿಡಿಸಿಕೊಂಡು ಹೋದರು. ಅವರು ನಂಬಿಕೆ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. 1896-97ರ ಬರದಲ್ಲಿ ನೂರಾರು ಅನಾಥ ಹುಡುಗಿಯರನ್ನ ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆತಂದು ಸಾಕಿದರು. ಅದೇ ಮುಕ್ತಿ ಮಿಷನ್.

ನನಗೆ ಹಿಡಿಸಿದ್ದು ಇನ್ನೊಂದು. ಅವರು ವಿದ್ಯೆಯನ್ನ ಬಿಸಾಡಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿಸಿದ್ದರು. ಬಿರುದು ತಂದುಕೊಟ್ಟ ವಿದ್ಯೆ ಕೊನೆಗೆ ದೇವರ ಸೇವೆಗೆ ನಿಂತಿತು.

ಅವರೆಲ್ಲಿ, ನಾನೆಲ್ಲಿ! ನಾನು ಕೆಲಸ ಬಿಡಬೇಕಿಲ್ಲ. ಆದ್ರೆ ಯಾವುದು ಮೊದಲು ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಕ್ಯಾಲೆಂಡರಿನಲ್ಲಿ ಕಾಣಬೇಕು.

ಸೋಮವಾರ ಮ್ಯಾನೇಜರ್ ಹತ್ರ ಹೋದೆ. “ಸರ್, ಭಾನುವಾರ ಬೆಳಿಗ್ಗೆ ಆಗಲ್ಲ. ಶನಿವಾರ ರಾತ್ರಿ ಎಷ್ಟೊತ್ತಾದ್ರೂ ಕೂರ್ತೀನಿ” ಅಂದೆ. ಮುಖ ಸಪ್ಪೆ ಮಾಡಿಕೊಂಡು “ನೋಡೋಣ” ಅಂದ್ರು. ಎರಡು ವಾರ ಆಯ್ತು, ಲೀಡ್ ಯಾರು ಅಂತ ಇನ್ನೂ ಹೇಳಿಲ್ಲ. ಸುಳ್ಳು ಯಾಕೆ, ಈಗಲೂ ದಿನಕ್ಕೆ ಹತ್ತು ಸಲ ಮೇಲ್ ತೆಗೆದು ನೋಡ್ತೀನಿ.

ಮೊನ್ನೆ ಅವ್ವ ಫೋನ್ ಮಾಡಿ, “ಏನಾತವಾ ನಿನ್ನ ಪ್ರಮೋಷನ್?” ಅಂದಳು. “ಇನ್ನೂ ಗೊತ್ತಿಲ್ಲಬೇ. ಆದ್ರ ಸ್ತೋತ್ರ ಹೇಳೇನಿ” ಅಂದೆ.