ಹೊರಡಲೊಲ್ಲದ ಮೋಟಾರು

ಒಲೆಯ ಹೊಗೆ, ಬಾವಿಯ ಪಂಪು, ಮಾಳಿಗೆಯ ಸೋರಿಕೆ ಮೊದಲಾದ ಮನೆವಾರ್ತೆಯ ವಿಷಯಗಳನ್ನೇ ನಾವು ಈ ಪುಟದಲ್ಲಿ ಇದುವರೆಗೆ ಬರೆಯುತ್ತ ಬಂದಿರುವೆವು. ಈ ಸಲ ಮೋಟಾರು ಗಾಡಿಯ ಎಂಜಿನ್ನಿನ ಮಾತೆತ್ತಿದುದನ್ನು ಕಂಡು, ಮೂವತ್ತು ವರ್ಷ ಮಕ್ಕಳಿಗೆ ವಿಭಕ್ತಿಪ್ರತ್ಯಯಗಳನ್ನು ಕಂಠಪಾಠ ಮಾಡಿಸಿದ ಮೇಷ್ಟರಿಗೆ ಇದೆಲ್ಲಿಯ ಉಸಾಬರಿಯೆಂದು ವಾಚಕರು ನಗಬಹುದು. ನಗಲಿ. ಕಳೆದ ಮಾರ್ಗಶಿರದಲ್ಲಿ ಹುಲಿಕುಂಟೆಯ ನಮ್ಮ ಮನೆಯಂಗಳದಲ್ಲಿ ನಡೆದ ಸಂಗತಿಯನ್ನು ಕೇಳಿದ ಮೇಲೆ, ಮನೆಯಲ್ಲಿ ಹಳೆಯ ಗಾಡಿಯನ್ನಿಟ್ಟುಕೊಂಡಿರುವವರಿಗಾದರೂ ಇದು ನಿಷ್ಪ್ರಯೋಜಕವೆಂದು ತೋರಲಾರದು.

ನಮ್ಮ ತಂಗಿಗೆ ಮೂತ್ರಪಿಂಡಗಳ ಕೆಲಸ ಕುಂದಿ ಎರಡು ವರ್ಷಗಳಾದುವು. ಸೋಮವಾರ ಮತ್ತು ಗುರುವಾರ ಬೆಳಗಿನ ಜಾವ ಆಕೆಯನ್ನು ಡಯಾಲಿಸಿಸ್ಸಿಗೆ ಸಿರಾಕ್ಕೆ ಕರೆದೊಯ್ಯಬೇಕು. ಆ ಹೊತ್ತಿಗೆ ನಮ್ಮೂರಿನಿಂದ ಬಸ್ಸಿಲ್ಲ. ಆಕೆಯ ಪತಿ ಬಿಟ್ಟುಹೋದ ಒಂದು ಅಂಬಾಸಡರ್ ಗಾಡಿಯುಂಟು, ಅದೇ ಆಧಾರ. ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ೨೦೧೪ರ ವರೆಗೆ ತಯಾರಾಗುತ್ತಿದ್ದ ಈ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬುದು. ನಮ್ಮದರಲ್ಲಿರುವುದು ಹಳೆಯ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನು. ಸಾಲಾಗಿ ನಾಲ್ಕು ಸಿಲಿಂಡರುಗಳು.

ಚಳಿ ಹಿಡಿದ ಮೇಲೆ ಬೆಳಗಿನ ಜಾವ ಅದು ಹೊರಡಲು ತಗಾದೆ ಮಾಡಹತ್ತಿತು. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ‘ಪಾಯಿಂಟು’ಗಳೆಂಬ ಎರಡು ಸಣ್ಣ ಲೋಹದ ತುಟಿಗಳಿರುತ್ತವೆ, ಅವು ತೆರೆದು ಮುಚ್ಚುವುದರಿಂದಲೇ ಕಿಡಿ ಹುಟ್ಟುವುದು. ಅವು ಸುಟ್ಟು ಸವೆಯುತ್ತಲೇ ಇರುವುವು. ನಮ್ಮ ಸೋದರಳಿಯನು ಅವನ್ನು ತೆಗೆದುಹಾಕಿ, ಸವೆಯದ ಎಲೆಕ್ಟ್ರಾನಿಕ್ ಸಾಧನವನ್ನು ಕೂರಿಸಬೇಕೆಂದು ನಿಶ್ಚಯಿಸಿದನು. ತಾಯಿಯನ್ನು ಚಳಿಯಲ್ಲಿ ಕಾಯಿಸಬಾರದೆಂಬುದೊಂದೇ ಅವನ ಉದ್ದೇಶ. ಸೋಮವಾರ ಸಿರಾದಿಂದ ಹಿಂದಿರುಗಿದವನೇ ಕೆಲಸಕ್ಕೆ ತೊಡಗಿದನು. ಡಿಸ್ಟ್ರಿಬ್ಯೂಟರನ್ನು ಬಿಚ್ಚಿದಾಗ ಅದರ ಬುಡದಲ್ಲಿ ಎಣ್ಣೆ ಜಿನುಗುತ್ತಿತ್ತು. ಬಿಚ್ಚಿದ್ದೇನೋ ಆಯಿತು, ಇದನ್ನೂ ಸರಿಪಡಿಸಿಬಿಡೋಣವೆಂದು ಅದನ್ನು ತಿರುಗಿಸುವ ಕೆಳಗಿನ ಹಲ್ಲಿನ ದಂಡವನ್ನೂ ಎತ್ತಿ, ತೊಳೆದು, ಹೊಸ ಕಾಗದದ ಪಟ್ಟಿಯಿಟ್ಟು, ಎಂಜಿನ್ನಿಗೆ ಬಣ್ಣವನ್ನೂ ಬಳಿದು, ಮಂಗಳವಾರ ಸಂಜೆ ಕೀಲಿ ತಿರುಗಿಸಿದನು.

ಎಂಜಿನ್ನು ಗಿರ್ರೆಂದು ಸುತ್ತಿತು, ಹತ್ತಲಿಲ್ಲ. ನಡುನಡುವೆ ಕಾರ್ಬುರೇಟರಿನ ಬಾಯಿಂದ ಫಟ್ಟೆಂದು ಉಗುಳಿತು.

ಆಗ ನಾವು ಆಡಿದ ಮಾತನ್ನು ಇಲ್ಲಿ ಮರೆಮಾಚುವುದಿಲ್ಲ. ‘ಸರಿಯಾಗಿದ್ದುದನ್ನು ಕೆಡಿಸುವುದೇ ನಿನ್ನ ವಿದ್ಯೆ’ ಎಂದೆವು. ತಂಗಿ ಒಳಗಿನಿಂದ ಕೇಳಿಸಿಕೊಂಡು ಸುಮ್ಮನಿದ್ದಳು. ಹೊಸ ಸಾಧನವೇ ಅಪರಾಧಿಯೆಂದು ತೀರ್ಪಿತ್ತು, ಬುಧವಾರ ಬೆಳಗ್ಗೆ ಅದನ್ನು ಕೀಳಿಸಿ ಹಳೆಯ ಪಾಯಿಂಟುಗಳನ್ನೇ ಹಾಕಿಸಿದೆವು. ಫಲ ಮಾತ್ರ ಹಿಂದಿನದೇ. ಅನ್ವಯವ್ಯತಿರೇಕಗಳನ್ನು ವರ್ಷವರ್ಷವೂ ಪಾಠ ಹೇಳಿದ ನಮಗೆ ಅಲ್ಲಿಯೇ ಬುದ್ಧಿ ಬರಬೇಕಾಗಿತ್ತು. ಯಾವುದನ್ನು ತೆಗೆದ ಮೇಲೂ ದೋಷವು ಉಳಿಯುವುದೋ ಅದು ದೋಷಕ್ಕೆ ಕಾರಣವಲ್ಲ. ಹೊಸದೊಂದು ಬಂದ ಮಾತ್ರಕ್ಕೆ ಕೆಟ್ಟದ್ದೆಲ್ಲ ಅದರಿಂದಲೇ ಎಂಬುದು, ಕಾಗೆ ಕುಳಿತುದರಿಂದ ತಾಳೆಯ ಹಣ್ಣು ಬಿತ್ತೆಂಬಂತಹ ಮಾತು. ಆದರೆ ಸಿಟ್ಟಿನಲ್ಲಿರುವವನಿಗೆ ತರ್ಕಶಾಸ್ತ್ರವೆಲ್ಲಿ ನೆನಪಾದೀತು?

ಮಧ್ಯಾಹ್ನ ಪೇಟೆಯ ಗ್ಯಾರೇಜಿನವನೊಬ್ಬನು ಬಂದು ನೋಡಿದನು. ಐದು ನಿಮಿಷ ಸೆಲ್ಫು ಹೊಡೆದು, ‘ಹೆಡ್ಡು ಬಿಚ್ಚಬೇಕು, ವಾಲ್ವು ಹೋಗಿವೆ, ಹದಿನೈದು ದಿನ, ಇಪ್ಪತ್ತೈದು ಸಾವಿರ’ ಎಂದನು. ಗುರುವಾರ ಒಂದು ದಿನಕ್ಕೆ ಬಾಡಿಗೆಯ ಗಾಡಿ ದೊರಕೀತು. ಮುಂದಿನ ಸೋಮವಾರ, ಆಮೇಲಿನ ಗುರುವಾರಗಳಿಗೆ ಏನು ಗತಿ? ಅಳಿಯನ ಹೆಂಡತಿ ಮಾತನಾಡದೆ ಕೊರಳ ಸರವನ್ನು ಬಿಚ್ಚಿ ದೇವರ ಗೂಡಿನ ಮುಂದಿಟ್ಟಳು. ಅದು ಗಿರವಿಗೆ ಹೋಗುವುದೆಂದು ಎಲ್ಲರಿಗೂ ತಿಳಿಯಿತು.

ಸಂಜೆ, ಸರಕಾರಿ ಬಸ್ಸುಗಳ ಡಿಪೋದಲ್ಲಿ ದುಡಿದು ನಿವೃತ್ತರಾದ ಒಬ್ಬ ವೃದ್ಧ ಮಿಸ್ತ್ರಿಗಳನ್ನು ಹೇಳಿಕಳುಹಿಸಿದೆವು. ಅವರು ಬಂದು ಜಗುಲಿಯ ಮೇಲೆ ಕುಳಿತು ಕಾಫಿ ಕುಡಿದರು. ಸಾಮಾನುಗಳ ಚೀಲವನ್ನು ಬಿಚ್ಚಲಿಲ್ಲ. ‘ಏನೇನು ಮುಟ್ಟಿದೆಯಪ್ಪ?’ ಎಂದು ಅಳಿಯನನ್ನು ಕೇಳಿದರು. ‘ಏನು ಹೊಸದು ಹಾಕಿದೆ’ ಎಂದು ಕೇಳಲಿಲ್ಲ, ‘ಏನೇನು ಮುಟ್ಟಿದೆ’ ಎಂದರು. ನಾವು ಒಂದು ದಿನವನ್ನು ವ್ಯರ್ಥಮಾಡಿದುದು ಈ ಪ್ರಶ್ನೆಯನ್ನು ಕೇಳದುದರಿಂದಲೇ.

ಬಳಿಕ ಅವರೆಂದರು: ‘ಸ್ವಾಮಿ, ಇಂಜನ್ನಿಗೆ ಎಣ್ಣೆ ಬೇಕು, ಕಿಡಿ ಬೇಕು, ಒತ್ತು ಬೇಕು, ಒತ್ತು ಬೇಕು.’ ಒಂದೇ ಮಾತನ್ನು ಎರಡು ಸಲ ಹೇಳಿದರೆಂದು ನಾವೆಣಿಸಿದೆವು. ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರವು ಲೋಪವಾಗುವುದನ್ನು ವಾಚಕರು ಬಲ್ಲರು. ಮೊದಲನೆಯದು ಒತ್ತಡವಾದ ‘ಒತ್ತು’. ಎರಡನೆಯದು ಕಾಲವಾದ ‘ಹೊತ್ತು’.

ಪರೀಕ್ಷೆಯನ್ನೂ ಅದೇ ಕ್ರಮದಲ್ಲಿ ನಡೆಸಿದರು. ಮೊದಲು ಪ್ಲಗ್ಗುಗಳನ್ನು ಬಿಚ್ಚಿ ಮೂಸಿದರು. ನಾಲ್ಕೂ ಪೆಟ್ರೋಲಿನಿಂದ ತೊಯ್ದಿದ್ದುವು. ಅಂದರೆ ಇಂಧನ ಒಳಗೆ ಹೋಗುತ್ತಿದೆ. ಒಂದು ಪ್ಲಗ್ಗನ್ನು ಒರೆಸಿ, ಅದರ ತಂತಿಗೆ ಸಿಕ್ಕಿಸಿ, ತೂತುಗಳಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ತಾಗುವಂತೆ ಮಲಗಿಸಿ ಸೆಲ್ಫು ಹೊಡೆಯಿಸಿದರು. ನೀಲಿಯ ಕಿಡಿ ಚಟಚಟನೆ ಹಾರಿತು. ತಂತಿಯನ್ನು ಕೈಯಲ್ಲಿ ಹಿಡಿದು ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಅಲ್ಲಿ ಹತ್ತಾರು ಸಾವಿರ ವೋಲ್ಟುಗಳಿರುತ್ತವೆ. ತೂತಿನ ಬಳಿ ಕಿಡಿ ಹಾರಿಸಿದರೆ ಪೆಟ್ರೋಲಿನ ಆವಿ ಹೊತ್ತಿಕೊಂಡೀತು. ಹೊಸ ಬಣ್ಣವಿದ್ದ ಕಡೆ ಬ್ಯಾಟರಿಯ ನೆಲದ ತಂತಿ ಸರಿಯಾಗಿ ಕಚ್ಚಿದೆಯೇ ಎಂಬುದನ್ನೂ ನೋಡಿದರು. ಬಣ್ಣದ ಮೇಲೆ ಆ ತಂತಿಯನ್ನು ಬಿಗಿದು, ಬ್ಯಾಟರಿ ಸತ್ತಿತೆಂದು ಹೊಸದನ್ನು ಕೊಂಡವರು ಬಹುಮಂದಿಯಂತೆ. ನಮ್ಮದರಲ್ಲಿ ಅದು ಸರಿಯಾಗಿಯೇ ಇತ್ತು.

ಇನ್ನುಳಿದುವು ಎರಡು ‘ಒತ್ತು’ಗಳು. ಮುಂದಿನದಾದ ಒಂದನೆಯ ಸಿಲಿಂಡರಿನ ತೂತಿಗೆ ನಮ್ಮ ಹೆಬ್ಬೆರಳನ್ನೇ ಒತ್ತಿಹಿಡಿಯಹೇಳಿದರು. ಗಾಡಿಯನ್ನು ಟಾಪು ಗೇರಿಗೆ ಹಾಕಿ, ಅಳಿಯನೂ ನೆರೆಮನೆಯ ಹುಡುಗನೂ ಅಂಗಳದಲ್ಲಿ ಮೆಲ್ಲಗೆ ನೂಕಿದರು. ಮುಂದಿನ ರಾಟೆಯ ಮೇಲಿನ ಗುರುತು ತನ್ನ ಸ್ಥಾನಕ್ಕೆ ಬಂದಿತು. ಬೆರಳಿಗೆ ಏನೂ ತಿಳಿಯಲಿಲ್ಲ. ‘ಇನ್ನೊಂದು ಸುತ್ತು ಬರಲಿ’ ಎಂದರು. ಮತ್ತೆ ಗುರುತು ಬರುವ ಹೊತ್ತಿಗೆ ಒಳಗಿನ ಗಾಳಿ ನಮ್ಮ ಹೆಬ್ಬೆರಳನ್ನು ಪುಸ್ಸೆಂದು ಎತ್ತಿ ಎಸೆಯಿತು. ವಾಲ್ವುಗಳು ಹೋಗಿದ್ದರೆ ಆ ಬಲವೆಲ್ಲಿಂದ ಬರಬೇಕು? ಮಿಸ್ತ್ರಿಗಳು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೆತ್ತಿ ತೋರಿಸಿದರು. ಒಂದನೆಯ ಸಿಲಿಂಡರು ಗಾಳಿಯನ್ನು ಅದುಮಿ ಕಿಡಿಗಾಗಿ ಕಾದಿರುವಾಗ, ಒಳಗಿನ ಮುಳ್ಳು ನಾಲ್ಕನೆಯದರ ತಂತಿಯತ್ತ ಮುಖಮಾಡಿ ನಿಂತಿತ್ತು.

ಇದರ ಮರ್ಮ ಇಷ್ಟೆ. ಇಂತಹ ಎಂಜಿನ್ನಿನ ಒಂದು ಆವೃತ್ತಿಯಲ್ಲಿ ನಾಲ್ಕು ನಡೆಗಳು: ಸೆಳೆಯುವುದು, ಅದುಮುವುದು, ಉರಿದು ನೂಕುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕಕ್ಕೆ ಕೆಳಗಿನ ದಂಡವು ಎರಡು ಸುತ್ತು ತಿರುಗಿದರೆ, ಡಿಸ್ಟ್ರಿಬ್ಯೂಟರು ಒಂದೇ ಸುತ್ತು ತಿರುಗುವುದು. ಆದುದರಿಂದ ರಾಟೆಯ ಗುರುತು ಪ್ರತಿಯೊಂದು ಆವೃತ್ತಿಯಲ್ಲಿಯೂ ಎರಡು ಸಲ ಅದೇ ಸ್ಥಾನಕ್ಕೆ ಬರುವುದು. ಒಮ್ಮೆ ಅದುಮಿದ ಕೊನೆಗೆ, ಒಮ್ಮೆ ಹೊಗೆ ಹೊರಬಿದ್ದ ಕೊನೆಗೆ. ಗುರುತನ್ನು ನೋಡಿ ಇದು ಯಾವುದೆಂದು ಹೇಳಲಾಗದು. ಅಳಿಯನು ಗುರುತನ್ನು ಸರಿಯಾಗಿಯೇ ಕೂಡಿಸಿದ್ದನು. ಆದರೆ ಎರಡನೆಯದಕ್ಕೆ ಕೂಡಿಸಿ, ಹಲ್ಲಿನ ದಂಡವನ್ನು ಅರ್ಧ ಸುತ್ತು ತಪ್ಪಾಗಿ ಇಳಿಸಿದ್ದನು. ಒಳಸೆಳೆಯುವ ವಾಲ್ವು ತೆರೆಯುತ್ತಿರುವಾಗ ಕಿಡಿ ಬಿದ್ದುದರಿಂದಲೇ ಉರಿಯು ಕಾರ್ಬುರೇಟರಿನ ಮೂಲಕ ಹಿಂದಕ್ಕೆ ಉಗುಳುತ್ತಿತ್ತು. ಮಂಗಳವಾರದಿಂದ ಆ ಯಂತ್ರವು ತನ್ನ ರೋಗವನ್ನು ತಾನೇ ಕೂಗಿ ಹೇಳುತ್ತಿತ್ತು. ಕೇಳುವ ಕಿವಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕೆಲಸದ ನಡುವೆ ಮಿಸ್ತ್ರಿಗಳು ತಮ್ಮ ತಂದೆಯ ಮಾತನ್ನು ತೆಗೆದರು. ೧೯೩೯ರಿಂದ ೧೯೪೫ರ ವರೆಗಿನ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ, ಮೈಸೂರು ಸೀಮೆಯ ಖಾಸಗಿ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುದನ್ನು ನಮ್ಮ ಹಿರಿಯರೂ ಹೇಳುತ್ತಿದ್ದರು. ಆ ತಂದೆ ಅಂತಹುದೊಂದು ಬಸ್ಸಿನಲ್ಲಿ ಕ್ಲೀನರಾಗಿದ್ದರಂತೆ. ಬೆನ್ನಿಗೆ ಕಬ್ಬಿಣದ ಪೀಪಾಯಿ, ಅದರೊಳಗೆ ಕೆಂಡ. ಹೊರಡುವ ಮೊದಲು ಬಹಳ ಹೊತ್ತು ಗಾಳಿಯ ಚಕ್ರವನ್ನು ತಿರುವಿ, ಬರುವ ಅನಿಲಕ್ಕೆ ಕಡ್ಡಿ ಗೀರಿ, ಅದು ನಿಂತು ಉರಿದರೆ ಮಾತ್ರ ಎಂಜಿನ್ನಿಗೆ ಬಿಡುವುದು. ಹಾಗಿದ್ದೂ ಪೆಟ್ರೋಲಿನ ಕಾಲದ ಹೊತ್ತನ್ನೇ ಇಟ್ಟುಕೊಂಡಿದ್ದರೆ ಗಾಡಿ ಏಳುತ್ತಿರಲಿಲ್ಲ, ಎದ್ದರೂ ಎಳೆಯುತ್ತಿರಲಿಲ್ಲ. ಇದ್ದಿಲಿನ ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಮುಂಚಿತವಾಗಿ ಕೊಡಬೇಕು. ಎಷ್ಟು ಹೊಂದಿಸಿದರೂ ಪೆಟ್ರೋಲಿನ ಬಲ ಬಾರದು. ಏರು ಬಂದರೆ ಪ್ರಯಾಣಿಕರು ಇಳಿದು ನೂಕುವುದು. ಆ ಅನಿಲದಲ್ಲಿ ಉರಿಯುವ ಮುಖ್ಯಾಂಶ ಕಾರ್ಬನ್ ಮಾನಾಕ್ಸೈಡೆಂಬ ವಾಸನೆಯಿಲ್ಲದ ವಿಷ. ಪೆಟ್ರೋಲ್ ಗಾಡಿಯ ಹೊಗೆಯಲ್ಲಿಯೂ ಅದುಂಟು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಿ ಪರೀಕ್ಷಿಸುವವರು ಎಚ್ಚರವಾಗಿರಬೇಕು.

ರಾತ್ರಿಯಾಗಿದ್ದುದರಿಂದ ದಂಡವನ್ನು ಮತ್ತೆ ಎತ್ತುವ ಗೊಡವೆಗೆ ಮಿಸ್ತ್ರಿಗಳು ಹೋಗಲಿಲ್ಲ. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ ಒಂದು, ಮೂರು, ನಾಲ್ಕು, ಎರಡು. ಮುಚ್ಚಳದ ಮೇಲೆ ಒಂದಕ್ಕೆ ಇದಿರು ನಾಲ್ಕು, ಮೂರಕ್ಕೆ ಇದಿರು ಎರಡು. ಒಂದು ನಾಲ್ಕುಗಳ ತಂತಿಗಳನ್ನೂ, ಮೂರು ಎರಡುಗಳ ತಂತಿಗಳನ್ನೂ ಪರಸ್ಪರ ಬದಲಿಸಿದರು. ಅರ್ಧ ಸುತ್ತಿನ ತಪ್ಪು ಅರ್ಧ ಸುತ್ತಿನಿಂದಲೇ ತೀರಿತು. ತೊಯ್ದ ಪ್ಲಗ್ಗುಗಳನ್ನು ಒಣಗಿಸಿ ಹಾಕಿ ಕೀಲಿ ತಿರುಗಿಸಿದರೆ, ಎರಡನೆಯ ಯತ್ನಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಆಮೇಲೆ ಹೊಸ ಎಲೆಕ್ಟ್ರಾನಿಕ್ ಸಾಧನವನ್ನೇ ಮರಳಿ ಕೂರಿಸಿದರು; ಅದರೊಂದಿಗೂ ಹೊತ್ತಿಕೊಂಡಿತು. ಅಳಿಯನಿಗೆ ಆಡಿದ ಮಾತನ್ನು ನಾವು ಎಲ್ಲರೆದುರಿಗೆ ಹಿಂದಕ್ಕೆ ತೆಗೆದುಕೊಂಡೆವು. ಅವನು, ‘ಇರಲಿ ಬಿಡಿ ಮಾವ, ತಪ್ಪು ನನ್ನದೇ ತಾನೆ’ ಎಂದನು. ಅವನ ಹೆಂಡತಿ ಸರವನ್ನು ಯಾವಾಗ ತೆಗೆದುಕೊಂಡಳೋ ನಾವು ಕಾಣೆವು.

ಈಚಿನ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಹೊತ್ತನ್ನು ಗಣಕವೇ ಎಣಿಸುವುದು. ಅಲ್ಲಿ ಹೆಚ್ಚಿನ ದೀಪ, ಕಹಳೆ, ಕಳ್ಳಗಂಟೆಗಳಿಗೆಂದು ತಂತಿಗಳನ್ನು ಕೊಯ್ದು ಕೂಡಿಸಿದ ಮೇಲೆ ಗಾಡಿ ಹೊರಡದಿದ್ದರೆ, ಆ ಕೂಡಿಕೆಗಳನ್ನು ಮೊದಲು ನೋಡತಕ್ಕದ್ದು. ಇಂಧನವನ್ನೇ ಬದಲಿಸಿ ಅನಿಲದ ತೊಟ್ಟಿಯನ್ನು ಕೂರಿಸುವವರು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವನ್ನು ಮರೆಯದೆ ನೋಂದಣಿಯಲ್ಲಿ ಬರೆಯಿಸಿಕೊಳ್ಳಬೇಕು. ಅಡಿಗೆಯ ಸಿಲಿಂಡರನ್ನು ಗಾಡಿಯಲ್ಲಿಡುವವರಿಗೆ ನಾವು ಹೇಳತಕ್ಕದ್ದೇನೂ ಇಲ್ಲ. ಅವರು ಯಾರ ಮಾತನ್ನೂ ಕೇಳುವವರಲ್ಲ.

ಗುರುವಾರ ನಾಲ್ಕು ಗಂಟೆಗೆ ತಂಗಿಯನ್ನು ಕೂರಿಸಿಕೊಂಡು ಗಾಡಿ ಹೊರಟಿತು. ನಾವೂ ಜೊತೆಗೆ ಹೋದೆವು. ದಾರಿಯುದ್ದಕ್ಕೂ ಆಕೆ ನಮ್ಮ ಕರಿಹಿಡಿದ ಹೆಬ್ಬೆರಳನ್ನು ನೋಡಿ, ‘ಅಣ್ಣಯ್ಯ, ಸೀಗೆಪುಡಿ ಹಾಕಿ ತೊಳೆಯಬಾರದಾಗಿತ್ತೆ?’ ಎನ್ನುತ್ತಿದ್ದಳು. ತಂತಿಗಳು ಅದಲುಬದಲಾಗಿರುವುದನ್ನು ತಿಳಿಯದೆ ಮುಂದೆ ಯಾರಾದರೂ ಮೋಸಹೋಗದಿರಲೆಂದು ಅಳಿಯನು ಬಾನೆಟ್ಟಿನ ಒಳಗಡೆ ಒಂದು ಚೀಟಿಯನ್ನು ಅಂಟಿಸಿದ್ದನು. ಭಾನುವಾರ ಮಿಸ್ತ್ರಿಗಳ ಇದಿರಿಗೇ, ಬೆರಳಿಟ್ಟು ನೋಡಿ, ದಂಡವನ್ನು ಸರಿಯಾಗಿ ಇಳಿಸಿ, ತಂತಿಗಳನ್ನು ಮೊದಲಿನಂತೆ ಜೋಡಿಸಿ, ಆ ಚೀಟಿಯನ್ನು ಕಿತ್ತುಹಾಕಿದನು.