ಸಮರಚಿತ್ರಗಳ ಸಾಕ್ಷ್ಯ

1941ನೆಯ ಇಸವಿಯ ನವೆಂಬರ್ 25ರಂದು, ಮೆಡಿಟರೇನಿಯನ್ ಸಮುದ್ರದಲ್ಲಿ, ಬ್ರಿಟಿಷರ ‘ಬಾರ್‌ಹ್ಯಾಮ್’ ಎಂಬ ಯುದ್ಧನೌಕೆಗೆ ಜರ್ಮನ್ ಸಬ್‌ಮೆರೀನೊಂದರ ಟಾರ್ಪಿಡೊಗಳು ಬಡಿದುವು. ನೌಕೆ ಒಂದು ಪಕ್ಕಕ್ಕೆ ವಾಲಿತು. ಕೆಲವೇ ನಿಮಿಷಗಳಲ್ಲಿ ಅದರ ಮದ್ದಿನ ಕೋಣೆ ಸಿಡಿದು, ಎಂಟುನೂರಕ್ಕೂ ಹೆಚ್ಚು ಮಂದಿ ಪ್ರಾಣವನ್ನು ತೆತ್ತರು. ಸಮೀಪದಲ್ಲಿದ್ದ ‘ವೇಲಿಯಂಟ್’ ನೌಕೆಯಿಂದ ಜಾನ್ ಟರ್ನರ್ ಎಂಬ ವಾರ್ತಾಚಿತ್ರಗಾರರು ಈ ದುರಂತವನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ವಾಲಿದ ಹಡಗಿನ ಒಡಲ ಮೇಲೆ ಓಡುತ್ತಿರುವ ಮನುಷ್ಯರನ್ನು ಅದರಲ್ಲಿ ನಾವು ಇಂದಿಗೂ ಕಾಣಬಹುದು. ಆದರೆ ಅದೇ ಚಿತ್ರವನ್ನು ಬೇರೆ ಕಥೆಗಳಲ್ಲಿ, ಬೇರೆ ಹಡಗುಗಳ ನಾಶವನ್ನು ತೋರಿಸಲು ತುಣುಕು ತುಣುಕಾಗಿ ಬಳಸಿಕೊಂಡದ್ದೂ ಉಂಟು.

ಇದು ಸರಿಯೇ? ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಯುದ್ಧಕಾಲದ ಚಿತ್ರಸುರುಳಿ ವಿನೋದದ ಸಾಮಗ್ರಿಯಲ್ಲ, ಅದೊಂದು ಸಾಕ್ಷ್ಯ. ಪ್ರಯೋಗಶಾಲೆಯ ದಿನಚರಿಪುಸ್ತಕವನ್ನು ವಿಜ್ಞಾನಿ ಹೇಗೆ ತಿದ್ದದೆ ಅಳಿಸದೆ ಕಾಪಾಡುತ್ತಾನೆಯೋ ಹಾಗೆಯೇ ಅದನ್ನೂ ಕಾಪಾಡಬೇಕು.

ಕಾಪಾಡುವುದು ಸುಲಭದ ಕೆಲಸವಲ್ಲ. 1950ರ ಸುಮಾರಿನವರೆಗೆ 35 ಮಿಲಿಮೀಟರ್ ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ತಯಾರಿಸುತ್ತಿದ್ದರು. ಅರಳೆಯ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಸಂಸ್ಕಾರ ಕೊಟ್ಟರೆ ಈ ವಸ್ತು ದೊರೆಯುತ್ತದೆ. ಇದರಲ್ಲಿ ನೈಟ್ರೊಜನ್ನಿನ ಅಂಶ ಇನ್ನಷ್ಟು ಹೆಚ್ಚಿದರೆ ಅದು ಗನ್‌ಕಾಟನ್ ಎಂಬ ಸಿಡಿಮದ್ದು! ನೌಕೆಯ ಫಿರಂಗಿಗಳಲ್ಲಿ ಬಳಸುತ್ತಿದ್ದ ಕಾರ್ಡೈಟಿನ ಒಂದು ಮುಖ್ಯ ಘಟಕವೂ ಇದೇ. ಬಾರ್‌ಹ್ಯಾಮನ್ನು ಸಿಡಿಸಿದ ವಸ್ತುವೂ ಅದರ ಅಂತ್ಯವನ್ನು ದಾಖಲಿಸಿದ ಫಿಲ್ಮೂ ಒಂದೇ ಕುಲಕ್ಕೆ ಸೇರಿದುವೆಂದರೆ ಉತ್ಪ್ರೇಕ್ಷೆಯಾಗದು.

ಈ ಫಿಲ್ಮು ಉರಿಯುವಾಗ ತನಗೆ ಬೇಕಾದ ಆಕ್ಸಿಜನ್ನನ್ನು ತಾನೇ ಒದಗಿಸಿಕೊಳ್ಳುತ್ತದೆ. ಆದಕಾರಣ ನೀರಿನೊಳಗೂ ಉರಿಯಬಲ್ಲುದು. ಬೆಂಕಿ ತಾಗದಿದ್ದರೂ ಕಾಲಕ್ರಮದಲ್ಲಿ ಅದು ತಾನಾಗಿ ಕೆಡುತ್ತದೆ. ಹೊರಬಿದ್ದ ನೈಟ್ರೊಜನ್ ಆಕ್ಸೈಡುಗಳು ತೇವದೊಡನೆ ಸೇರಿ ಆಮ್ಲವಾಗುತ್ತವೆ. ಆ ಆಮ್ಲ ಕೆಡುವಿಕೆಯನ್ನು ಇನ್ನಷ್ಟು ತ್ವರೆಗೊಳಿಸುತ್ತದೆ. 1978ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಬೆಂಕಿಬಿದ್ದು ಅಪಾರ ಪ್ರಮಾಣದ ವಾರ್ತಾಚಿತ್ರಗಳು ಬೂದಿಯಾದುವು. 2003ರ ಜನವರಿಯಲ್ಲಿ ಪುಣೆಯಲ್ಲಿ ನಮ್ಮ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳಿಗೂ ಇದೇ ಗತಿಯಾಯಿತು. ಸುಟ್ಟ ಪುಸ್ತಕದ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಒಂದೇ ಪ್ರತಿಯಿದ್ದ ಚಿತ್ರ ಹೋದರೆ ಹೋದಂತೆಯೇ.

ಇನ್ನು ಸಾಕ್ಷ್ಯದ ಪರೀಕ್ಷೆಯ ವಿಷಯ. 1916ರಲ್ಲಿ ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮೆಕ್‌ಡವೆಲ್ ಎಂಬಿಬ್ಬರು ತೆಗೆದ ‘ಸೋಮ್ ಕದನ’ ಎಂಬ ಚಿತ್ರವನ್ನು ಬ್ರಿಟನ್ನಿನಲ್ಲಿ ಕೋಟ್ಯಂತರ ಜನರು ನೋಡಿದರು. ಕಂದಕದಿಂದ ಮೇಲೇರುವಾಗ ಸೈನಿಕರು ಗುಂಡೇಟಿಗೆ ಉರುಳುವ ಅದರ ಸುಪ್ರಸಿದ್ಧ ದೃಶ್ಯವು ರಣರಂಗದ ಹಿಂದೆ ಅಭಿನಯಿಸಿ ತೆಗೆದದ್ದೆಂದು ಸಂಶೋಧಕರು ಆಮೇಲೆ ತೋರಿಸಿಕೊಟ್ಟಿದ್ದಾರೆ. ಹಾಗೆಂದು ಇಡೀ ಚಿತ್ರವೇ ಸುಳ್ಳಲ್ಲ. ಗಾಯಗೊಂಡ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ತರುವ ಸೈನಿಕ ಸತ್ಯ. ಸಾಲುಸಾಲಾಗಿ ನಡೆವ ದಣಿದ ಮುಖಗಳು ಸತ್ಯ. ಯಾವುದು ಕಾಳು, ಯಾವುದು ಜೊಳ್ಳು ಎಂಬುದನ್ನು ತೂರಿ ತಿಳಿಯಲು ಚಿತ್ರದ ಪ್ರತಿ ಉಳಿದಿತ್ತಲ್ಲವೆ? ಅದರಿಂದಲೇ ಈ ಶೋಧನೆ ಸಾಧ್ಯವಾಯಿತು. 2005ರಲ್ಲಿ ಈ ಚಿತ್ರವು ಯುನೆಸ್ಕೊ ಸಂಸ್ಥೆಯ ‘ವಿಶ್ವದ ಸ್ಮೃತಿ’ ಪಟ್ಟಿಯಲ್ಲಿ ಸೇರಿತು.

ಹಳೆಯ ಚಿತ್ರಗಳಲ್ಲಿ ಸೈನಿಕರು ಬೊಂಬೆಗಳಂತೆ ದಡಬಡನೆ ನಡೆಯುವುದನ್ನು ಕಂಡು ನಗುವವರುಂಟು. ಇದು ಸೈನಿಕರ ದೋಷವಲ್ಲ, ಗಣಿತದ ಆಟ. ಕೈಯಿಂದ ತಿರುಗಿಸುವ ಕ್ಯಾಮರದಲ್ಲಿ ಸೆಕೆಂಡಿಗೆ 16ರಂತೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ 24ರಂತೆ ತೋರಿಸಿದರೆ, ಒಂದು ನಿಮಿಷದ ನಡಿಗೆ 40 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. 2018ರಲ್ಲಿ ಪೀಟರ್ ಜ್ಯಾಕ್ಸನ್ ಎಂಬ ನಿರ್ದೇಶಕರು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಚಿತ್ರಗಳ ವೇಗವನ್ನು ಸರಿಪಡಿಸಿ, ಬಣ್ಣ ತುಂಬಿ, ಧ್ವನಿ ಸೇರಿಸಿ, ಹೊಸ ಚಿತ್ರವೊಂದನ್ನು ರಚಿಸಿದರು. ಮಸುಕಾದ ನೆರಳುಗಳು ನಮ್ಮ ನಿಮ್ಮಂತಹ ತರುಣರಾಗಿ ಕಂಡುವು. ಇದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೇಗದ ತಿದ್ದುಪಡಿಯೇ ಬೇರೆ, ಬಣ್ಣದ ಸೇರ್ಪಡೆಯೇ ಬೇರೆ. ಮೊದಲನೆಯದು ಕಳೆದುದನ್ನು ಮರಳಿಸುತ್ತದೆ. ಎರಡನೆಯದು ಫಿಲ್ಮಿನಲ್ಲಿ ಎಂದೂ ಇಲ್ಲದಿದ್ದುದನ್ನು ಊಹೆಯಿಂದ ತುಂಬುತ್ತದೆ. ಸೇರಿಸಿದ್ದೇನೆಂಬುದನ್ನು ನೋಡುವವರಿಗೆ ತಿಳಿಸಲೇಬೇಕು. ಮೂಲವನ್ನು ಮುಟ್ಟದೆ ಇಡಬೇಕು.

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದಲ್ಲಿದ್ದವರ ಸಂಖ್ಯೆ 25 ಲಕ್ಷದಷ್ಟು. ಅವರ ಬದುಕಿನ ಚಿತ್ರಗಳು ಲಂಡನ್ನಿನ ಅದೇ ಮ್ಯೂಸಿಯಮ್ಮಿನಲ್ಲಿಯೂ ಇವೆ. ಅವುಗಳ ಶುದ್ಧವಾದ ಪ್ರತಿಗಳು ನಮ್ಮ ಕಾಲೇಜುಗಳಿಗೆ ದೊರೆಯುವಂತಾಗಬೇಕು. ಅಜ್ಜಂದಿರ ಮುಖವನ್ನು ಮೊಮ್ಮಕ್ಕಳು ನೋಡಬೇಡವೆ?

ಈಗ ಕಂಪ್ಯೂಟರುಗಳು ಎಂದೂ ನಡೆಯದ ಯುದ್ಧದ ದೃಶ್ಯಗಳನ್ನು ಕ್ಷಣಾರ್ಧದಲ್ಲಿ ನಿರ್ಮಿಸಬಲ್ಲುವು. ನಕಲಿ ಅಗ್ಗವಾದಷ್ಟೂ ಅಸಲಿನ ಬೆಲೆ ಏರುತ್ತದೆ. ಆದುದರಿಂದ ವಿದ್ಯಾರ್ಥಿಮಿತ್ರರು ಯುದ್ಧದ ಯಾವುದೇ ಚಿತ್ರವನ್ನು ನೋಡುವಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದನ್ನು ತೆಗೆದವರು ಯಾರು? ಎಲ್ಲಿ, ಎಂದು ತೆಗೆದರು? ಆಮೇಲೆ ಇದಕ್ಕೆ ಏನೇನು ಮಾಡಿದ್ದಾರೆ? ಬಾರ್‌ಹ್ಯಾಮಿನ ಒಡಲ ಮೇಲೆ ಓಡಿದವರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಅವರ ಕೊನೆಯ ಗಳಿಗೆಯನ್ನು ಅವರದೆಂದೇ ಗುರುತಿಸುವುದು.